ನಿಧಾನಪ್ಪನ ನೂರ ಹದಿಮೂರನೆಯ ಪ್ರಶ್ನೆ

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ಹಿರಿಯರು ಕೇಳಿದ್ದು ಮನೆಮನೆಗೆ ನಲ್ಲಿ ಬರುವುದಕ್ಕೆ ಮುಂಚೆ. ಈಗ ಆ ಗಾದೆಯನ್ನು ರಿಪೇರಿ ಮಾಡಿ, ರೋಡಿಗೆ ಬಂದವನು ಆಂಬುಲೆನ್ಸಿಗೆ ಬರದೆ ಇರುತ್ತಾನೆಯೇ ಎಂದು ಕೇಳಬೇಕು. ಮುಂದೆ ಹೇಳುವುದೆಲ್ಲ ನಡೆದದ್ದೇ. ಇದರಲ್ಲಿ ಒಂದು ಸುಳ್ಳು ಬೆರೆತಿದ್ದರೂ, ಹೇಳುವವನು ಎದೆ ಹಿಡಿದುಕೊಂಡು ಬೀಳುವ ದಿನ ಈ ಕಥೆಯ ನಾಯಕನೇ ಗಾಡಿ ತರಲಿ. ಇದಕ್ಕಿಂತ ದೊಡ್ಡ ಆಣೆ ಇಲ್ಲ, ಏಕೆಂದರೆ ನಾಯಕ ಆಂಬುಲೆನ್ಸ್ ಡ್ರೈವರು ಮತ್ತು ಅವನ ಹೆಸರು ನಿಧಾನಪ್ಪ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಹತ್ತೊಂಬತ್ತು ವರ್ಷ ಅವನು ಆ ಹೆಸರಿನಲ್ಲೇ ಸಿಗ್ನಲ್ಲು ಹಾರಿಸಿಕೊಂಡು, ಫುಟ್‌ಪಾತು ಹತ್ತಿಸಿಕೊಂಡು, ಜನರ ಶಾಪಕ್ಕೂ ಆಶೀರ್ವಾದಕ್ಕೂ ಸಮನಾಗಿ ಪಾತ್ರನಾಗಿ ಗಾಡಿ ಓಡಿಸಿದ್ದ. ಒಂದು ಮಂಗಳವಾರ ಬೆಳಗ್ಗೆ ಪಾರ್ಕಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕುಸಿದು ಕೂತಿದ್ದಾಳೆಂದು ಕರೆ ಬಂತು. ಐವತ್ತರ ಆಸುಪಾಸು, ಮೈಮೇಲೆ ಹಸಿರು ಸ್ವೆಟರು. ಕೈಯಲ್ಲಿ ಚೀಲವಿಲ್ಲ, ಫೋನಿಲ್ಲ, ಜೊತೆಗೆ ಯಾರೂ ಇಲ್ಲ. ಗಾಡಿಗೆ ಹತ್ತಿಸಿ ಹೊರಟ ಮೇಲೆ ಅವಳು ಬಾಯಿಬಿಟ್ಟಳು: "ನಿಧಾನಕ್ಕೆ ಓಡಿಸಪ್ಪಾ, ಹೊಟ್ಟೆ ತೊಳಸ್ತಾ ಇದೆ. ಆ ಸೈರನ್ನೂ ಒಂಚೂರು ನಿಲ್ಲಿಸು, ತಲೆಗೆ ಮೊಳೆ ಹೊಡೆದ ಹಾಗಾಗುತ್ತೆ."

ಯಾವ ಡ್ರೈವರಾದರೂ ಈ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ. ಆದರೆ ನಮ್ಮವನಿಗೆ ಒಂದು ಕಾಯಿಲೆ. ಹೆಂಗಸರು ತಗ್ಗಿದ ದನಿಯಲ್ಲಿ ಏನು ಹೇಳಿದರೂ ಮಾಡಿಬಿಡುತ್ತಾನೆ. ಮನೆಯಲ್ಲಿ ಹೆಂಡತಿಗೆ ತಗ್ಗಿದ ದನಿ ಇಲ್ಲದ್ದರಿಂದ ಈ ಕಾಯಿಲೆ ಅದುವರೆಗೆ ಬೆಳಕಿಗೆ ಬಂದಿರಲಿಲ್ಲ. ಅವನು ಸೈರನ್ನು ನಿಲ್ಲಿಸಿದ. ಮೊಟ್ಟೆ ಸಾಗಿಸುವವನ ಹಾಗೆ ಓಡಿಸಿದ. ಹದಿನಾಲ್ಕು ನಿಮಿಷದ ದಾರಿಗೆ ಇಪ್ಪತ್ತೊಂದು ನಿಮಿಷ ಹಿಡಿಯಿತು. ಅಂದು ಅವನನ್ನು ಹಿಂದಿಕ್ಕಿ ಹೋದ ವಾಹನಗಳಲ್ಲಿ ಮೂರು ಬಸ್ಸು, ಒಂದು ಹಾಲಿನ ವ್ಯಾನು, ಮತ್ತು ಒಂದು ಶವವಾಹನ ಇದ್ದವು.

"ಅಣ್ಣಾ, ಅವ್ರು ಮುಂದೆ ಹೋಗಿ ನಮಗೋಸ್ಕರ ಕಾಯ್ತಿರ್ತಾರೆ ಬಿಡು," ಎಂದ ಹಿಂದೆ ಕೂತಿದ್ದ ಜೊತೆಗಾರ. ಸೂಜಿ, ಆಕ್ಸಿಜನ್ನು, ಪಟ್ಟಿ ಇವನ ಕೆಲಸ. ನಲವತ್ತು ದಾಟಿದ ಈ ಬೋಳುತಲೆಯವನನ್ನು ಎಲ್ಲರೂ ಗ್ಲೂಕೋಸ್ ಎನ್ನುತ್ತಿದ್ದರು. ಮಾತಿನಲ್ಲಿ ಸಿಹಿ, ಕೆಲಸದಲ್ಲಿ ಹನಿಹನಿ.

ಆಸ್ಪತ್ರೆಯ ತುರ್ತು ಬಾಗಿಲಲ್ಲಿ ಹೆಂಗಸನ್ನು ಒಪ್ಪಿಸಿದರು. 'ಅಪರಿಚಿತ ಮಹಿಳೆ, ಸ್ವೀಕರಿಸಲಾಗಿದೆ' ಎಂದು ಸಹಿ ಬಿತ್ತು. ಬಾಗಿಲು ಮುಚ್ಚಿತು.

ಇಲ್ಲಿ ಆಂಬುಲೆನ್ಸಿನವರ ಒಂದು ಕಟ್ಟಲೆ ಹೇಳಬೇಕು. ಬಾಗಿಲು ಮುಚ್ಚಿದ ಮೇಲೆ ಅವರು ಹಿಂದಿರುಗಿ ನೋಡುವುದಿಲ್ಲ. ಗಾಡಿಯ ನೆಲ ತೊಳೆಯುತ್ತಾರೆ, ಚಹಾ ಕುಡಿಯುತ್ತಾರೆ, ಮುಂದಿನ ಕರೆಗೆ ಹೋಗುತ್ತಾರೆ. ಒಳಗೆ ಹೋದವರು ಬದುಕಿದರೋ ಸತ್ತರೋ ಯಾರೂ ಹೇಳುವುದಿಲ್ಲ, ಇವರು ಕೇಳುವುದೂ ಇಲ್ಲ. ಕೇಳಿದರೆ ಆ ವಾರ ಪೂರ್ತಿ ಗಾಡಿಗೆ ಬರೀ ಕೆಟ್ಟ ಕರೆಗಳೇ ಬರುತ್ತವೆಂದು ಗಾಡಿಗಳು ನಿಲ್ಲುವ ಶೆಡ್ಡಿನವರ ನಂಬಿಕೆ. ಆಂಬುಲೆನ್ಸಿಗೆ ಒಳ್ಳೆಯ ಕರೆ ಯಾವುದು ಎಂದು ಮಾತ್ರ ಯಾರೂ ವಿವರಿಸಿಲ್ಲ.

ನಮ್ಮವನು ಆ ಕಟ್ಟಲೆ ಮುರಿದ. ಬುಧವಾರವೇ ಆಸ್ಪತ್ರೆಯ ವಿಚಾರಣೆ ಕಿಟಕಿಗೆ ಹೋಗಿ ಬಗ್ಗಿದ.

"ಪೇಷೆಂಟ್ ಹೆಸರು?"

"ಗೊತ್ತಿಲ್ಲ ಸಾರ್. ಹಸಿರು ಸ್ವೆಟರು."

"ನಿಮಗೇನಾಗಬೇಕು ಅವ್ರು?"

"ನಂಗೇನೂ ಆಗಬೇಕಾಗಿಲ್ಲ ಸಾರ್. ಅವ್ರಿಗೇನಾಯ್ತು ಅಂತ ತಿಳೀಬೇಕು."

"ಹೆಸರು ಗೊತ್ತಿಲ್ಲ, ಸಂಬಂಧ ಇಲ್ಲ, ಬರೀ ಬಣ್ಣ ಗೊತ್ತು. ಇದು ಆಸ್ಪತ್ರೆ ಕಣಪ್ಪಾ, ಕಳೆದುಹೋದ ಛತ್ರಿ ವಾಪಸ್ ಕೊಡೋ ಜಾಗ ಅಲ್ಲ. ಮುಂದಿನವರು ಬನ್ನಿ!"

ಶುಕ್ರವಾರ ಮತ್ತೆ ಹೋಗಿ, ಆಕೆ ತನ್ನ ಸ್ವಂತ ತಂಗಿ ಎಂದ. "ಹೆಸರು?" ಎಂದರು. ಒಡಹುಟ್ಟಿದವಳ ಹೆಸರು ಹೇಳಲು ತಿಣುಕಾಡುವ ಅಣ್ಣನನ್ನು ನೋಡಿ ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ದುಃಖವನ್ನು ಒಂದು ಗಳಿಗೆ ಮರೆತರು. ಕಾವಲುಗಾರ ತೋಳು ಹಿಡಿದು ಹೊರಗೆ ಬಿಟ್ಟ.

ಶೆಡ್ಡಿಗೆ ಸುದ್ದಿ ಮುಟ್ಟಿತು. ಅಂದಿನಿಂದ ಅವನು ನಿಧಾನಪ್ಪ. "ಏನು ನಿಧಾನಪ್ಪಾ, ತಂಗಿ ಸಿಕ್ಕಿದಳಾ?" ಅವನು ಮಾತ್ರ ಸಿಕ್ಕಸಿಕ್ಕವರನ್ನು ಒಂದೇ ಕೇಳುತ್ತಿದ್ದ: "ಏಳು ನಿಮಿಷ ಕಣಯ್ಯಾ. ಏಳು ನಿಮಿಷ ಜಾಸ್ತಿ ಆಯ್ತು. ಏಳು ನಿಮಿಷದಲ್ಲಿ ಒಂದು ಜೀವ ಹೋಗುತ್ತಾ?" ನರ್ಸುಗಳನ್ನು ಕೇಳಿದ, ಪೆಟ್ರೋಲು ಹಾಕುವವನನ್ನು ಕೇಳಿದ. ಒಂದು ದಿನ ಹಿಂದೆ ಮಲಗಿದ್ದ ರೋಗಿಯನ್ನೇ ಕೇಳಿದ. ಆ ಮನುಷ್ಯ ಗಾಬರಿಯಾಗಿ ಎದ್ದು ಕೂತು, ನಡೆದುಕೊಂಡು ಹೋಗುತ್ತೇನೆಂದು ಹಟ ಹಿಡಿದ.

ಗ್ಲೂಕೋಸಿಗೆ ಇದನ್ನು ನೋಡಿ ನೋಡಿ ಸಾಕಾಯಿತು. ಅವನೊಬ್ಬ ಮಹಾ ಅಣಕುಗಾರ. ಆಂಬುಲೆನ್ಸು ಹಿಂದಕ್ಕೆ ಬರುವಾಗಿನ ಟೀಂ ಟೀಂ ಸದ್ದಿನಿಂದ ಹಿಡಿದು ಆರೋಗ್ಯ ಇಲಾಖೆಯ ನಿರ್ದೇಶಕಿಯವರೆಗೆ ಎಲ್ಲವೂ ಅವನ ಗಂಟಲಲ್ಲಿ ವಾಸವಾಗಿದ್ದವು. ನಿರ್ದೇಶಕಿ ದೊಡ್ಡ ಡಾಕ್ಟರು. ಬಾವಿಯೊಳಗಿಂದ ಬಂದಂಥ ದನಿ, ಮೂರು ಮಾತಿಗೊಮ್ಮೆ "ಹ್ಞಾಂ?" ಎಂಬ ಕೆಮ್ಮು.

ಶೆಡ್ಡಿನ ಗೋಡೆಯ ಮೇಲೆ ಒಂದು ಸುತ್ತೋಲೆ ತೂಗುತ್ತಿತ್ತು. ಬಹಳ ದಿನದಿಂದ ಅದರ ಮೂಲೆ ಹರಿದು ಹಲ್ಲಿನ ಸಂದಿಗೆ ಬಳಸುತ್ತಿದ್ದರೇ ಹೊರತು ಯಾರೂ ಓದಿರಲಿಲ್ಲ. ಆಂಬುಲೆನ್ಸ್ ಮತ್ತು ಆಸ್ಪತ್ರೆಪೂರ್ವ ತುರ್ತು ಆರೈಕೆಯಲ್ಲಿ ಯಾವ ಯಾವ ಪ್ರಶ್ನೆಗಳ ಮೇಲೆ ಮೊದಲು ಸಂಶೋಧನೆ ನಡೆಯಬೇಕೆಂದು ತೀರ್ಮಾನಿಸಲು ಇಲಾಖೆ ಒಂದು ಆದ್ಯತಾ ಸಮಿತಿ ಕರೆದಿತ್ತು. ಗ್ಲೂಕೋಸ್ ಅದನ್ನೇ ನಕಲು ಹೊಡೆದ. 'ಆಂಬುಲೆನ್ಸಿನಲ್ಲಿ ದೀರ್ಘ ಅನುಭವವುಳ್ಳ ತಮ್ಮನ್ನು ಸಮಿತಿಯ ಪ್ರತಿನಿಧಿಯಾಗಿ ಆಹ್ವಾನಿಸಲಾಗಿದೆ' ಎಂದು ಟೈಪು ಮಾಡಿಸಿ, ಹಳೆಯ ಟೈರುಗಳ ವಿಲೇವಾರಿ ಮೊಹರೊಂದನ್ನು ಅರ್ಧ ಮಾತ್ರ ಕಾಣುವಂತೆ ಒತ್ತಿದ. ಆಮೇಲೆ ಹೊರಗಿನಿಂದ ಶೆಡ್ಡಿಗೆ ಫೋನು ಮಾಡಿದ.

"ಹ್ಞಾಂ? ನಾನು ನಿರ್ದೇಶಕಿ ಮಾತಾಡ್ತಿರೋದು. ಪತ್ರ ಬಂತೋ? ಹ್ಞಾಂ? ಕೋಟು ಹಾಕ್ಕೊಂಡು ಬರಬೇಕು. ನಿಮ್ಮ ಪ್ರಶ್ನೆ ಏನಿದ್ರೂ ಅಲ್ಲೇ ಕೇಳಿ. ಹ್ಞಾಂ?"

"ಹೂಂ ಮೇಡಂ," ಎಂದು ನಿಧಾನಪ್ಪ ಫೋನಿಗೆ ಸೆಲ್ಯೂಟು ಹೊಡೆದ. ಕೋಟು ಹಾಕಿಕೊಂಡು ಹೋದವನನ್ನು ಗೇಟಿನವನು ಅಟ್ಟಿಬಿಡುತ್ತಾನೆ, ಅದನ್ನು ನೆನೆದು ಒಂದು ತಿಂಗಳು ನಗಬಹುದು ಎಂಬುದಿಷ್ಟೇ ಗ್ಲೂಕೋಸಿನ ಲೆಕ್ಕಾಚಾರ.

ಮನೆಯಲ್ಲಿ ಮದುವೆಯ ಕೋಟು ಹೊರಬಂತು. ಅದರ ನುಸಿಗುಳಿಗೆಯ ವಾಸನೆಗೆ ಓಣಿಯ ಸೊಳ್ಳೆಗಳು ವಲಸೆ ಹೋದವು. ಹೆಂಡತಿ ಗುಂಡಿ ಹಾಕಲು ಎರಡೂ ಕಡೆ ಹಿಡಿದು ಎಳೆದಳು.

"ರೀ, ಉಸಿರು ಬಿಡಬೇಡಿ. ಸಭೆ ಮುಗಿಯೋತನಕ ಹೀಗೇ ಇರಿ. ಮತ್ತೆ, ಸಮಿತೀಲಿ ಮಾತಾಡೋದು ಅಂದ್ರೆ ಮನೇಲಿ ಮಾತಾಡಿದ ಹಾಗಲ್ಲ. ಅಲ್ಲಿ ನಿಮ್ಮ ಮಾತು ಮುಗಿಯೋವರೆಗೂ ಯಾರೂ ಬಾಯಿ ಹಾಕಲ್ಲ."

"ಹಾಗಾದ್ರೆ ನಂಗೆ ಅಭ್ಯಾಸವೇ ಇಲ್ಲವಲ್ಲೇ," ಎಂದ ನಿಧಾನಪ್ಪ, ಉಸಿರು ಬಿಡದೆ.

ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. "ಸಂಶೋಧನೆ ಅಂದ್ರೇನು ಗೊತ್ತೇನಯ್ಯಾ? ಎಲ್ಲರಿಗೂ ಗೊತ್ತಿರೋದನ್ನ ಯಾರಿಗೂ ತಿಳಿಯದ ಹಾಗೆ ಹೇಳೋದು. ನೀನು ಅಲ್ಲಿ ಹೋಗಿ ಅರ್ಥ ಆಗೋ ಹಾಗೆ ಮಾತಾಡಿ ಮಾನ ಕಳೀಬೇಡ."

"ನಾನು ಕೇಳೋದು ಒಂದೇ ಮಾತು ಮೇಷ್ಟ್ರೇ. ಆಮೇಲೇನಾಯ್ತು ಅಂತ."

"ಅದು ಅಜ್ಜಿ ಕಥೆ ಕೇಳೋ ಮಕ್ಕಳ ಪ್ರಶ್ನೆ ಕಣೋ!" ಎಂದು ಮೇಷ್ಟ್ರು ತಲೆ ಹಿಂದಕ್ಕೆ ಎಳೆದುಕೊಂಡರು.

ಇಲಾಖೆಯ ಮೂರನೆಯ ಮಹಡಿಯಲ್ಲಿ ಸಮಿತಿಯ ಗುಮಾಸ್ತ ಒಂದು ಪಟ್ಟಿ ಹಿಡಿದುಕೊಂಡು, ಹೆಂಡತಿಯನ್ನು ಹೆರಿಗೆ ಕೋಣೆಗೆ ಕಳಿಸಿದವನಂತೆ ಶತಪಥ ಹಾಕುತ್ತಿದ್ದ. ಅವನ ಕಷ್ಟ ಸಣ್ಣದಲ್ಲ. ಡಾಕ್ಟರುಗಳು ಬಂದಿದ್ದರು, ಪ್ರೊಫೆಸರು ಬಂದಿದ್ದರು, ಬಿಸ್ಕತ್ತು ಬಂದಿತ್ತು. ಆದರೆ ಆಂಬುಲೆನ್ಸು ಬಳಸಿದ ರೋಗಿಗಳ ಪ್ರತಿನಿಧಿಯೊಬ್ಬರು ಸಹಿ ಹಾಕದೆ ಕೋರಂ ಆಗುವುದಿಲ್ಲವೆಂದು ನಿಯಮ. ಕೋರಂ ಇಲ್ಲದಿದ್ದರೆ ಘೋರಂ. ಮುಂದಿನ ಸಭೆ ಇನ್ನು ಒಂದು ವರ್ಷಕ್ಕೆ.

"ಇಬ್ಬರನ್ನ ಹಾಕಿದ್ವಿ," ಎಂದ ಗುಮಾಸ್ತ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ನಿಧಾನಪ್ಪನ ಪತ್ರ ಹಿಡಿದುಕೊಂಡು. "ಒಬ್ರು ಹೋದ ತಿಂಗಳು ಹೋಗಿಬಿಟ್ರು. ಇನ್ನೊಬ್ರು ಮೊನ್ನೆ."

"ಎಲ್ಲಿಗೆ ಸಾರ್?"

"ಮೇಲಕ್ಕೆ."

ನಿಧಾನಪ್ಪ ನಾಲ್ಕನೆಯ ಮಹಡಿಯ ಕಡೆ ನೋಡಿದ.

"ಇರಲಿ, ಬಿಡಿ. ನೀವು ಆಂಬುಲೆನ್ಸಿನಲ್ಲಿ ಹೋಗಿದ್ದೀರೋ?"

"ದಿನಾ ಹೋಗ್ತೀನಿ ಸಾರ್."

ಗುಮಾಸ್ತ ಕನ್ನಡಕ ಸರಿಮಾಡಿಕೊಂಡ. "ದಿನಾ?"

"ಹತ್ತೊಂಬತ್ತು ವರ್ಷದಿಂದ. ಭಾನುವಾರ ಒಂದು ಬಿಟ್ಟು."

"ನಿನ್ನೆ?"

"ನಿನ್ನೆ ಆರು ಸಲ. ಬೆಳಗ್ಗೆ ಎರಡು ಹಾರ್ಟ್ ಅಟ್ಯಾಕು, ಆಮೇಲೆ ಬಸ್ಸಿಂದ ಬಿದ್ದಿದ್ದು ಒಂದು, ವಿಷ ಒಂದು, ಮಧ್ಯಾಹ್ನ ಕರೆಂಟ್ ಶಾಕು, ಕೊನೇಲಿ ಒಂದು ಹೆರಿಗೆ."

ಗುಮಾಸ್ತನ ಪೆನ್ನು ನಿಂತಿತು. "ಹೆರಿಗೇನೂ... ಆಯ್ತಾ?"

"ದಾರೀಲೇ ಆಗಿಹೋಯ್ತು ಸಾರ್. ಅವಳಿ."

ಕೋರಂ ಬೇಕಾದ ಗುಮಾಸ್ತನಿಗೆ ಗಂಡಸು ಹೆತ್ತರೂ ಸರಿಯೇ. ಅವನು ಹೆಚ್ಚು ವಿಚಾರಿಸಲಿಲ್ಲ. 'ಅತ್ಯಂತ ಅನುಭವಿ ರೋಗಿ' ಎಂದು ಬರೆದು ಸಹಿ ಹಾಕಿಸಿಕೊಂಡು, ತೋಳು ಹಿಡಿದು ಒಳಗೆ ಕರೆದೊಯ್ದು, ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ನಿರ್ದೇಶಕಿಯ ಕಿವಿಯಲ್ಲಿ ಎಲ್ಲವನ್ನೂ ಊದಿದ. ಎರಡು ಹೃದಯಾಘಾತ ಮತ್ತು ಒಂದು ಅವಳಿ ಹೆರಿಗೆಯ ಮರುದಿನವೇ ಮೂರು ಮಹಡಿ ಹತ್ತಿ ಬಂದ ಮಹಾನುಭಾವನನ್ನು ಹನ್ನೆರಡು ಜನ ತಜ್ಞರು ಕಣ್ಣು ಮಿಟುಕಿಸದೆ ನೋಡಿದರು. ಡ್ರೈವರನಿಗೆ ಇಂಥ ಮರ್ಯಾದೆ ಎಲ್ಲೂ ಕಂಡಿಲ್ಲವೆಂದು ನಿಧಾನಪ್ಪ ಹಿಗ್ಗಿದ. ಹಿಗ್ಗಿದ್ದಕ್ಕೆ ಕೋಟಿನ ಗುಂಡಿಯೊಂದು ಹಾರಿ ಪ್ರೊಫೆಸರರ ಚಹಾಕ್ಕೆ ಬಿತ್ತು.

ನಿರ್ದೇಶಕಿಗೆ ಡಾಕ್ಟರ ಕಣ್ಣು. ಏನೋ ಅನುಮಾನ ಬಂದು ಬಿಪಿ ಪಟ್ಟಿ ತರಿಸಿ ಸುತ್ತಿದರು. "ನೂರ ತೊಂಬತ್ತು, ನೂರ ಇಪ್ಪತ್ತು! ಹ್ಞಾಂ? ಇಷ್ಟು ಬಿಪಿ ಇಟ್ಕೊಂಡು ನೀವು ಹೇಗೆ ಆರಾಮಾಗಿದ್ದೀರಿ?"

"ಮುಂದೆ ಕೂತ್ಕೋತೀನಲ್ಲ ಮೇಡಂ, ಹಿಂದಿನವರಷ್ಟು ಕಷ್ಟ ಇಲ್ಲ."

'ರೋಗಿ ಮುಂದಿನ ಸೀಟಿನಲ್ಲಿ ಕೂರಲು ಬಯಸುತ್ತಾರೆ' ಎಂದು ಪ್ರೊಫೆಸರು ಟಿಪ್ಪಣಿ ಮಾಡಿಕೊಂಡರು.

ಸಭೆ ಶುರುವಾಯಿತು. ಗೋಡೆಯ ತುಂಬ ನೂರ ಹನ್ನೆರಡು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಅಂಟಿಸಿದ್ದರು. ಪ್ರತಿಯೊಬ್ಬರಿಗೂ ಐದೈದು ಕೆಂಪು ಚುಕ್ಕೆಗಳು. ಯಾವ ಪ್ರಶ್ನೆ ಮುಖ್ಯವೋ ಅದರ ಮೇಲೆ ಅಂಟಿಸಬೇಕು. ಹೆಚ್ಚು ಚುಕ್ಕೆ ಬಿದ್ದದ್ದಕ್ಕೆ ಮೊದಲ ಸಂಶೋಧನೆ. ರೋಗಿಯ ಬಳಿಗೆ ಔಷಧಿಯನ್ನು ಹಾರಿಸಿ ಕಳಿಸಬಹುದೇ? ಆಂಬುಲೆನ್ಸಿನ ಪಟ್ಟೆ ಹಳದಿ ಇರಬೇಕೋ ಕೆಂಪೋ? ಸೈರನ್ನಿನ ಶ್ರುತಿ ಎಷ್ಟಿರಬೇಕು? ನಿಧಾನಪ್ಪ ಕೈ ಹಿಂದೆ ಕಟ್ಟಿಕೊಂಡು, ವಧುವಿನ ಫೋಟೋ ನೋಡುವ ಮಾವನಂತೆ ಒಂದೊಂದನ್ನೂ ಓದಿಕೊಂಡು ಹೋದ. ತನ್ನದು ಎಲ್ಲೂ ಇರಲಿಲ್ಲ.

ಪ್ರೊಫೆಸರು ಎದ್ದು ಸಮೀಕ್ಷೆಯ ವರದಿ ಓದಿದರು. "ಕಳೆದ ವರ್ಷ ಆಂಬುಲೆನ್ಸ್ ಬಳಸಿದ ಒಂದು ಸಾವಿರ ಮಂದಿಗೆ ಫಾರಂ ಕಳಿಸಿದ್ದೆವು. ಮುನ್ನೂರ ಹನ್ನೆರಡು ಮಂದಿ ಉತ್ತರಿಸಿದ್ದಾರೆ. ಅವರಲ್ಲಿ ನೂರಕ್ಕೆ ತೊಂಬತ್ತೇಳು ಮಂದಿಗೆ ಸೇವೆ ತೃಪ್ತಿ ತಂದಿದೆ."

ಚಪ್ಪಾಳೆ ಬಿತ್ತು. ನಿಧಾನಪ್ಪ ಕೈ ಎತ್ತಿದ. "ಬಾಕಿಯವ್ರು ಏನಂದ್ರು ಸಾರ್?"

"ಅವರು ಉತ್ತರಿಸಿಲ್ಲ."

"ಯಾಕಂತೆ?"

"ಆಸಕ್ತಿ ಇಲ್ಲದಿರಬಹುದು."

"ಸತ್ತಿರಬಹುದಲ್ವಾ ಸಾರ್?"

ಬಿಸ್ಕತ್ತು ಕಡಿಯುತ್ತಿದ್ದವರು ಕಡಿಯುವುದನ್ನು ನಿಲ್ಲಿಸಿದರು. ಪ್ರೊಫೆಸರು ಹಾಳೆ ತಿರುಗಿಸಿ, ಹಿಂದಕ್ಕೆ ತಿರುಗಿಸಿ, ಮೆಲ್ಲಗೆ ಹೇಳಿದರು: "ನಾವು... ವಿಳಾಸ ಬದಲಾಗಿದೆ ಅಂತ ಹಾಕಿದ್ದೀವಿ."

"ಅದೂ ತಪ್ಪಲ್ಲ ಬಿಡಿ," ಎಂದ ನಿಧಾನಪ್ಪ ಸಮಾಧಾನವಾಗಿ. "ಆದ್ರೆ ಅದೇ ನನ್ನ ಪ್ರಶ್ನೆ ಸಾರ್. ನಾವು ಕರ್ಕೊಂಡು ಹೋಗ್ತೀವಿ, ನೀವು ಬಾಗಿಲು ಹಾಕ್ಕೋತೀರಿ. ಆಮೇಲೇನಾಯ್ತು ಅಂತ ನಮಗೆ ಒಬ್ರೂ ಹೇಳಲ್ಲ. ಹತ್ತೊಂಬತ್ತು ವರ್ಷ ಸಾರ್. ಎಷ್ಟು ಸಾವಿರ ಜನಾನೋ. ಬದುಕಿದವ್ರು ಇಷ್ಟು, ಹೋದವ್ರು ಇಷ್ಟು, ಅಂತ ನಂಗೆ ಒಂದೂ ಗೊತ್ತಿಲ್ಲ. ನಾನು ಸರಿಯಾಗಿ ಓಡಿಸಿದ್ನೋ ತಪ್ಪಾಗಿ ಓಡಿಸಿದ್ನೋ ನಂಗೆ ಹೇಗೆ ತಿಳೀಬೇಕು?"

"ಓಡಿಸಿದ್ದಾ?" ನಿರ್ದೇಶಕಿ ಮುಂದಕ್ಕೆ ಬಾಗಿದರು. "ಹ್ಞಾಂ? ರೋಗಿಯ ಕೈಲಿ ಗಾಡಿ ಓಡಿಸ್ತಾರಾ?"

"ರೋಗಿ ಯಾರು ಮೇಡಂ? ನಾನು ಡ್ರೈವರು."

"ಮತ್ತೆ ಆ ಹೆರಿಗೆ?" ಎಂದು ಮೂಲೆಯಿಂದ ಗುಮಾಸ್ತನ ಆರ್ತನಾದ ಕೇಳಿಸಿತು.

"ಆ ಹೆಂಗಸಿಂದು ಸಾರ್. ನಂದ್ಯಾಕಾಗುತ್ತೆ?"

ಗುಮಾಸ್ತ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತ. ಇರಲಿಲ್ಲ.

ನಿಧಾನಪ್ಪ ಯಾರ ಮುಖವನ್ನೂ ನೋಡದೆ ಹಸಿರು ಸ್ವೆಟರಿನ ಕಥೆಯನ್ನು ಪೂರ್ತಿ ಹೇಳಿದ. ಮೊಟ್ಟೆಯಂತೆ ಓಡಿಸಿದ್ದು, ಶವವಾಹನ ಹಿಂದಿಕ್ಕಿದ್ದು, ಏಳು ನಿಮಿಷ. ಹೆಂಡತಿ ಹೇಳಿದ್ದು ನಿಜವಾಗಿತ್ತು. ಮಾತು ಮುಗಿಯುವವರೆಗೆ ಯಾರೂ ಬಾಯಿ ಹಾಕಲಿಲ್ಲ.

ಕೊನೆಗೆ ಗುಮಾಸ್ತ ನೆಲದಿಂದಲೇ ಮಾತಾಡಿದ. "ಮೇಡಂ, ರೋಗಿ ಅಲ್ಲದಿದ್ರೆ ಕೋರಂ ಇಲ್ಲ. ಸಭೆ ರದ್ದು. ಇವ್ರ ಪ್ರಶ್ನೇನೂ ರದ್ದು."

"ರೋಗಿ ಅಲ್ಲ ಅಂತ ಯಾರ್ರೀ ಹೇಳಿದ್ದು?" ನಿರ್ದೇಶಕಿ ಬಿಪಿ ಪಟ್ಟಿ ಎತ್ತಿ ತೋರಿಸಿದರು. "ನೂರ ತೊಂಬತ್ತು ಇರೋ ಮನುಷ್ಯನ್ನ ನಾನು ಮೆಟ್ಟಿಲು ಇಳಿಸಿದ್ರೆ ನನ್ನ ಸರ್ಟಿಫಿಕೇಟು ಹರಿದು ಹಾಕಬೇಕು. ಕೋರಂ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಆಂಬುಲೆನ್ಸ್ ಕರೀರಿ!"

ಹತ್ತಿರದ ಶೆಡ್ಡು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಹನ್ನೊಂದು ನಿಮಿಷದಲ್ಲಿ ಮಡಿಸುವ ಸ್ಟ್ರೆಚರು ಹೊತ್ತುಕೊಂಡು ಗ್ಲೂಕೋಸ್ ಬಾಗಿಲಲ್ಲಿ ನಿಂತ. ಹಿಂದೆ ಬದಲಿ ಡ್ರೈವರು. ಕೈಕುರ್ಚಿಯಲ್ಲಿ, ಗುಂಡಿ ಬಿಚ್ಚಿದ ಕೋಟಿನಲ್ಲಿ, ಸುತ್ತ ಹನ್ನೆರಡು ಡಾಕ್ಟರುಗಳ ನಡುವೆ ತಲೆ ಹಿಂದಕ್ಕೆ ಒರಗಿಸಿದ್ದ ತನ್ನ ಡ್ರೈವರನ್ನು ಕಂಡದ್ದೇ ಸ್ಟ್ರೆಚರು ಕೈಜಾರಿತು.

"ಅಣ್ಣಾ! ಅಯ್ಯೋ ಅಣ್ಣಾ! ನಾನೇ ಕೊಂದೆನಲ್ಲಣ್ಣಾ ನಿನ್ನ! ಆ ಕಾಗದ ನಾನೇ ಬರೆದಿದ್ದಣ್ಣಾ! ಫೋನಿನಲ್ಲಿ ಮಾತಾಡಿದ್ದು ಮೇಡಂ ಅಲ್ಲ, ನಾನಣ್ಣಾ!"

"ನಾನಿನ್ನೂ ಸತ್ತಿಲ್ಲ ಕಣೋ," ಎಂದ ನಿಧಾನಪ್ಪ.

ನಿರ್ದೇಶಕಿ ಎದ್ದು ಬಂದರು. "ನನ್ನ ದನೀಲಿ ಮಾತಾಡಿದಿರಾ? ಎಲ್ಲಿ, ಮಾಡಿ ನೋಡೋಣ."

ಗ್ಲೂಕೋಸ್ ಅಳುತ್ತಲೇ ಮಾಡಿ ತೋರಿಸಿದ: "ಹ್ಞಾಂ? ಕೋಟು ಹಾಕ್ಕೊಂಡು ಬರಬೇಕು. ಹ್ಞಾಂ?"

"ನಾನು ಹೀಗಾ ಮಾತಾಡೋದು? ಹ್ಞಾಂ?" ಎಂದು ನಿರ್ದೇಶಕಿ ಸುತ್ತ ನೋಡಿದರು. ಸಭೆ ಸರ್ವಾನುಮತದಿಂದ ಮೌನ ವಹಿಸಿತು.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಿಧಾನಪ್ಪ ತನ್ನ ಗಾಡಿಯ ಹಿಂಭಾಗದಲ್ಲಿ ಮಲಗಿದ. ಚಾವಣಿಯಲ್ಲಿ ಎರಡು ಸ್ಕ್ರೂ ಇಲ್ಲದ್ದು ಆಗ ಕಂಡಿತು. ಬದಲಿ ಡ್ರೈವರು ಎಳೆಯ ರಕ್ತ. ಒಂದೊಂದು ತಿರುವಿನಲ್ಲೂ ನಿಧಾನಪ್ಪನ ಹೊಟ್ಟೆ ಒಂದು ಕಡೆ, ಅವನು ಒಂದು ಕಡೆ. ಸೈರನ್ನು ಹೊರಗಿನವರಿಗೆ ಕೇಳುವುದು ಒಂದು ಬಗೆ, ಒಳಗೆ ಮಲಗಿದವನಿಗೆ ಕೇಳುವುದು ಇನ್ನೊಂದು ಬಗೆ. ಐದನೆಯ ತಿರುವಿಗೆ ಅವನು ಗ್ಲೂಕೋಸಿನ ತೋಳು ಹಿಡಿದುಕೊಂಡ.

"ನಿಧಾನಕ್ಕೆ ಓಡಿಸೋಕೆ ಹೇಳಪ್ಪಾ."

ಗ್ಲೂಕೋಸ್ ಅವನ ಮುಖ ನೋಡಿದ. ಇಷ್ಟು ದಿನ ಈ ಮಾತಿಗೆ ಶೆಡ್ಡಿನಲ್ಲಿ ಎಂಥ ನಗೆ ಎಬ್ಬಿಸುತ್ತಿದ್ದನೋ, ಆ ನಗೆ ಈಗ ಬರಲಿಲ್ಲ. ಮುಂದಿನ ಕಿಟಕಿಗೆ ಬಡಿದು ಹೇಳಿದ: "ಸ್ವಲ್ಪ ಮೆಲ್ಲಗೆ ಹೋಗೋ."

ತುರ್ತು ಬಾಗಿಲಲ್ಲಿ ಒಪ್ಪಿಸಿದರು, ಸಹಿ ಬಿತ್ತು, ಬಾಗಿಲು ಮುಚ್ಚಿತು. ಬದಲಿ ಡ್ರೈವರು ಮುಂದಿನ ಕರೆಗೆ ಬೇರೊಬ್ಬನನ್ನು ಜೊತೆಗೆ ಹಾಕಿಕೊಂಡು ಹೋದ. ಗ್ಲೂಕೋಸ್ ನಿಂತೇ ಇದ್ದ. ಅರ್ಧ ಗಂಟೆ ನೋಡಿ ಕಿಟಕಿಗೆ ಹೋದ.

"ನಿಮಗೇನಾಗಬೇಕು?"

"ನನ್ನ ಡ್ರೈವರು."

"ಸಂಬಂಧಿಕರಿಗೆ ಮಾತ್ರ. ಮುಂದಿನವರು ಬನ್ನಿ."

ಎರಡು ಗಂಟೆ ಅವನು ಬೆಂಚಿನ ಮೇಲೆ ಕೂತ. ಆ ಎರಡು ಗಂಟೆ ಅವನು ಯಾರನ್ನೂ ಅಣಕಿಸಲಿಲ್ಲ. ನಿಧಾನಪ್ಪ ಕೈಯಲ್ಲಿ ಮಾತ್ರೆ ಪೊಟ್ಟಣ ಹಿಡಿದುಕೊಂಡು ಹೊರಬಂದಾಗ, ಬೋಳುತಲೆಯ ಈ ಗಂಡಸು ಎದ್ದು ಬಂದು, ಅವನ ಕೋಟಿನ ತೋಳನ್ನು ಹಿಡಿದುಕೊಂಡು ನಿಂತುಬಿಟ್ಟ.

ಸಂಜೆ ಐದಕ್ಕೆ ಇಬ್ಬರೂ ಸಭೆಗೆ ಮರಳಿದರು. ಗುಮಾಸ್ತ ಆಸ್ಪತ್ರೆಯ ಚೀಟಿಯನ್ನು ನೋಡಿ, ಕಣ್ಣಿಗೊತ್ತಿಕೊಂಡು, ಫೈಲಿಗೆ ಸೇರಿಸಿದ. ಈಗ ನಿಧಾನಪ್ಪ ನಿಜವಾಗಿಯೂ ಆಂಬುಲೆನ್ಸು ಬಳಸಿದ ರೋಗಿ, ಕೋರಂ ಆಯಿತು. ಗೋಡೆಯ ಮೇಲೆ ನೂರ ಹದಿಮೂರನೆಯ ಕಾಗದ ಬಂತು: 'ರೋಗಿಯನ್ನು ಒಪ್ಪಿಸಿದ ಮೇಲೆ ಏನಾಯಿತೆಂದು ಆಂಬುಲೆನ್ಸಿನವರಿಗೆ ತಿಳಿಸಬೇಕೇ?' ಪ್ರೊಫೆಸರು ಮೊದಲು ಎದ್ದು ತಮ್ಮ ಐದು ಚುಕ್ಕೆಗಳನ್ನೂ ಅದಕ್ಕೇ ಅಂಟಿಸಿದರು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಕೊನೆಗೆ ಆ ಕಾಗದ ದಡಾರ ಎದ್ದ ಮಗುವಿನಂತೆ ಕೆಂಪಾಯಿತು. ಮೊದಲ ಆದ್ಯತೆ.

ಓಣಿಯಲ್ಲಿ ಹೆಡ್‌ಮೇಷ್ಟ್ರು ಆ ಪ್ರಶ್ನೆ ಸೂಚಿಸಿದ್ದು ತಾವೇ ಎಂದು ಹೇಳಿಕೊಂಡು ತಿರುಗಿದರು. ಹೆಂಡತಿ ಕೋಟಿಗೆ ಹೊಸ ಗುಂಡಿ ಹಾಕಿ, "ರೀ, ಇನ್ನು ಆಯಮ್ಮನ ಸುದ್ದಿ ಗೊತ್ತಾಗುತ್ತಲ್ಲ, ಒಂದು ಹೊತ್ತಾದ್ರೂ ನೆಮ್ಮದಿಯಾಗಿ ಊಟ ಮಾಡಿ," ಎಂದಳು. ಹಾಗೆ ಹೇಳುವಾಗ ಅವಳ ದನಿ ತಗ್ಗಿತ್ತು. ನಿಧಾನಪ್ಪ ಊಟ ಮಾಡಿದ.

ನಾಲ್ಕು ತಿಂಗಳಾದ ಮೇಲೆ ಅಧ್ಯಯನ ಶುರುವಾಯಿತು. ಆಸ್ಪತ್ರೆಯ ಸಭಾಕೊಠಡಿಯಲ್ಲಿ ಊರಿನ ಹನ್ನೆರಡೂ ಶೆಡ್ಡಿನವರನ್ನು ಕೂಡಿಸಿ ಪ್ರೊಫೆಸರು ವಿವರಿಸಿದರು.

"ವಿಷಯ ತಿಳಿಸೋದರಿಂದ ಡ್ರೈವರುಗಳಿಗೆ ಒಳ್ಳೇದಾಗುತ್ತೋ ಕೆಟ್ಟದಾಗುತ್ತೋ ನಮಗೆ ಗೊತ್ತಿಲ್ಲ. ಗೊತ್ತಾಗಬೇಕಾದ್ರೆ ಹೋಲಿಸಬೇಕು. ಆರು ಶೆಡ್ಡಿಗೆ ತಿಳಿಸ್ತೀವಿ. ಆರು ಶೆಡ್ಡಿಗೆ ತಿಳಿಸೋದಿಲ್ಲ. ಐದು ವರ್ಷ. ಪಕ್ಷಪಾತ ಬೇಡ ಅಂತ ಚೀಟಿ ಎತ್ತಿಸ್ತೀವಿ, ಮೊದಲು ಬಂದ ಆರು ತಿಳಿಸೋ ಗುಂಪು. ಈ ಪ್ರಶ್ನೆಯ ಜನಕರೇ ಎತ್ತಬೇಕು ಅಂತ ಸಮಿತಿಯ ಆಸೆ."

ಜನಕ ಕೋಟು ಸರಿಮಾಡಿಕೊಂಡು ಡಬ್ಬಿಗೆ ಕೈ ಹಾಕಿದ. ಮೊದಲ ಚೀಟಿ, ಮಾರುಕಟ್ಟೆ ಶೆಡ್ಡು. ಚಪ್ಪಾಳೆ. ಎರಡನೆಯದು, ಸೇತುವೆ ಶೆಡ್ಡು. ಮೂರು, ನಾಲ್ಕು. ಐದನೆಯದಕ್ಕೆ ಗ್ಲೂಕೋಸ್ ಎದ್ದು ನಿಂತ. ಆರನೆಯದನ್ನು ನಿಧಾನಪ್ಪ ಬಹಳ ಹೊತ್ತು ತಡಕಾಡಿ ಎತ್ತಿ, ಬಿಡಿಸಿ, ದೂರ ಹಿಡಿದು ಓದಿದ. ರೈಲ್ವೆ ಗೇಟಿನ ಶೆಡ್ಡು.

"ಉಳಿದ ಆರು ತಿಳಿಸದ ಗುಂಪು," ಎಂದು ಗುಮಾಸ್ತ ಬರೆದುಕೊಂಡ. ಆ ಆರರಲ್ಲಿ ಒಂದು ನಿಧಾನಪ್ಪನದು.

"ಇನ್ನೊಂದು ಸಲ ಎತ್ತಿಸಿ ಮೇಡಂ!" ಎಂದು ಗ್ಲೂಕೋಸ್ ಕೂಗಿದ. "ಅಣ್ಣನಿಗೆ ಅನ್ಯಾಯ ಆಗುತ್ತೆ!"

"ಇನ್ನೊಂದು ಸಲ ಎತ್ತಿದ್ರೆ ಅದು ಚೀಟಿ ಅಲ್ಲ, ಚೌಕಾಸಿ," ಎಂದರು ನಿರ್ದೇಶಕಿ. ಆದರೆ ಅವರ ದನಿ ಬಾವಿಯ ಇನ್ನೂ ಆಳಕ್ಕೆ ಹೋಗಿತ್ತು.

ನಿಧಾನಪ್ಪ ಪ್ರೊಫೆಸರರ ಬಳಿಗೆ ಹೋದ. "ಅದು ಹಳೇ ಕೇಸು ಸಾರ್, ಹಸಿರು ಸ್ವೆಟರು. ಅದು ಈ ಲೆಕ್ಕಕ್ಕೆ ಬರಲ್ಲ ಅಲ್ವಾ?"

"ಕಳೆದ ವರ್ಷದ ಕೇಸುಗಳೂ ಸೇರಿವೆ," ಎಂದರು ಪ್ರೊಫೆಸರು, ಕಂಕುಳಲ್ಲಿದ್ದ ಫೈಲನ್ನು ಬಿಗಿಯಾಗಿ ಒತ್ತಿ.

"ಆ ಫೈಲಿನಲ್ಲಿ ಇದ್ಯಾ?"

"ಇದೆ."

"ನಿಮಗೆ ಗೊತ್ತು."

ಪ್ರೊಫೆಸರು ಫೈಲನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. ನಿಧಾನಪ್ಪ ಅವರ ಮುಖವನ್ನೇ ದಿಟ್ಟಿಸಿದ. ಹುಬ್ಬು ನೋಡಿದ, ತುಟಿ ನೋಡಿದ. ಪ್ರೊಫೆಸರು ಹುಬ್ಬನ್ನು ನೇರ ಮಾಡಿದರೆ ತುಟಿ ಅಲುಗಿತು, ತುಟಿ ಬಿಗಿಹಿಡಿದರೆ ಕಣ್ಣು ಒದ್ದೆಯಾಯಿತು. ಆ ಒದ್ದೆ ಯಾವ ಬಗೆಯದೆಂದು ನಿಧಾನಪ್ಪ ಇನ್ನೊಂದು ಹೆಜ್ಜೆ ಹತ್ತಿರ ಹೋದ.

"ಪ್ರೊಫೆಸರೇ, ಮುಖ ಮುಚ್ಕೊಳ್ಳಿ!" ನಿರ್ದೇಶಕಿ ಗುಡುಗಿದರು. "ಅಧ್ಯಯನ ಹಾಳಾಗುತ್ತೆ!"

ಪ್ರೊಫೆಸರು ಫೈಲು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

"ಐದು ವರ್ಷ," ಎಂದ ನಿಧಾನಪ್ಪ ಫೈಲಿನ ರಟ್ಟಿಗೆ. "ನಾನು ಎರಡು ವರ್ಷಕ್ಕೆ ರಿಟೈರು ಸಾರ್."

ರಟ್ಟು ಒಂದಿಷ್ಟು ಕೆಳಗಿಳಿದು ಮತ್ತೆ ಮೇಲೇರಿತು.

ಗ್ಲೂಕೋಸ್ ಗೋಡೆಗೆ ಮುಖ ಮಾಡಿ ಮೂಗು ಒರೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಕೆಮ್ಮಿನಂಥ ಒಂದು ಸದ್ದು ಬಂತು. ಬಿಪಿ ಏರಿತೇನೋ ಎಂದು ನಿರ್ದೇಶಕಿ ಎದ್ದರು. ಕೆಮ್ಮಲ್ಲ. ನಿಧಾನಪ್ಪನ ಭುಜ ಕುಲುಕುತ್ತಿತ್ತು. ಚಳಿಗಾಲದ ಬೆಳಗ್ಗೆ ಹಳೆಯ ಎಂಜಿನ್ನು ಹಿಡಿಯುವ ಹಾಗೆ ಎರಡು ಸಲ ಗೊರಗೊರ ಎಂದು, ಮೂರನೆಯ ಸಲಕ್ಕೆ ಹೊತ್ತಿಕೊಂಡಿತು.

"ಪ್ರಶ್ನೆ ನಂದು!" ಎಂದ ನಗುತ್ತ. "ಚುಕ್ಕೆ ನಿಮ್ಮದು! ಚೀಟಿ ಎತ್ತಿದ್ದು ಈ ಕೈ! ಊರಿಗೆಲ್ಲ ಹೇಳ್ತಾರಂತೆ ಕಣೋ ಗ್ಲೂಕೋಸು, ಕೇಳಿದವನಿಗೊಬ್ಬನಿಗೆ ಬಿಟ್ಟು!"

ಗ್ಲೂಕೋಸ್ ಅಳುತ್ತಿದ್ದವನು ತಡೆಯಲಾರದೆ ಕಿಸಕ್ಕೆಂದ. ಶೆಡ್ಡಿನವರು ಸೇರಿಕೊಂಡರು. ಗುಮಾಸ್ತ ಪಟ್ಟಿಯಲ್ಲಿ ಮುಖ ಹುದುಗಿಸಿದ. ಫೈಲಿನ ಹಿಂದೆ ಪ್ರೊಫೆಸರು ಅಲ್ಲಾಡತೊಡಗಿದರು; ನಗುತ್ತಿದ್ದರೋ ಬೇರೇನೋ ಯಾರಿಗೂ ಕಾಣಲಿಲ್ಲ. ನಿಧಾನಪ್ಪ ಮಾತ್ರ ಮೇಜು ಹಿಡಿದುಕೊಂಡು, ಕೆನ್ನೆಯ ನೀರು ಒರೆಸಿಕೊಳ್ಳದೆ, ಎಲ್ಲರ ದನಿಯನ್ನೂ ಮುಳುಗಿಸಿ ನಗುತ್ತಿದ್ದ.

ಹೊರಗೆ ತುರ್ತು ಬಾಗಿಲ ಮುಂದಿನ ಬೆಂಚುಗಳ ಮೇಲೆ ಕಾಯುತ್ತಿದ್ದವರಿಗೆ ಆ ನಗು ಗೋಡೆ ದಾಟಿ ಕೇಳಿಸಿತು. ಬೆಳಗ್ಗಿನಿಂದ ಕೂತಿದ್ದ ಒಬ್ಬ ಮುದುಕಿ ಪಕ್ಕದವಳ ಮೊಣಕೈ ಮುಟ್ಟಿ ಹೇಳಿದಳು:

"ಕೇಳಿಸ್ತೇನಮ್ಮಾ? ಒಳಗೆ ಯಾರೋ ಉಳ್ಕೊಂಡ್ರು ಅಂತ ಕಾಣುತ್ತೆ."